ಹೆಸರು ಹೇಳುವವರೆಗೆ

ಚನ್ನರಾಯನದುರ್ಗದ ನಮ್ಮ ಮೇಷ್ಟ್ರು ಹಾಜರಿ ಕೂಗುವಾಗ ಒಂದೊಂದು ಹೆಸರಿಗೂ ತಲೆಯೆತ್ತಿ, ಆ ಮಗುವಿನ ಮುಖ ನೋಡಿಯೇ ಮುಂದಿನದಕ್ಕೆ ಹೋಗುತ್ತಿದ್ದರು. ಯಾರಾದರೂ ಅಡ್ಡಹೆಸರು ಹಿಡಿದು ಕೂಗಿದರೆ ಬೆತ್ತ ಎತ್ತುತ್ತಿರಲಿಲ್ಲ. ರುಮಾಲು ಸರಿಮಾಡಿಕೊಂಡು, "ಹೆಸರಿಡಕ್ಕೆ ಅವರಪ್ಪ ಅವ್ವ ಅವ್ರೆ, ನೀನ್ಯಾವನ್ಲಾ?" ಎನ್ನುತ್ತಿದ್ದರು.

ಸಿಡುಬು ಎದ್ದು ಬದುಕಿದ ನನಗೆ ಮುಖದ ತುಂಬ ಕುಳಿಬಿದ್ದ ಕಲೆ. ಹುಡುಗರು ನನ್ನನ್ನು "ಜರಡಿ" ಎನ್ನುತ್ತಿದ್ದರು. ಮೊದಮೊದಲು ಅಳುತ್ತಿದ್ದೆ. ಬರಬರುತ್ತ ಆ ಹೆಸರಿಗೇ ಓಗೊಡತೊಡಗಿದೆ. ಅದು ಬಿಟ್ಟರೆ ಯಾರೊಂದಿಗೂ ಮಾತಾಡುವುದನ್ನೇ ನಿಲ್ಲಿಸಿಬಿಟ್ಟೆ.

ಒಮ್ಮೆ ಶಾಲೆಯ ತನಿಖೆಗೆ ಇನ್‌ಸ್ಪೆಕ್ಟರು ಬಂದರು. "ನಿನ್ನ ಹೆಸರೇನಮ್ಮ?" ಎಂದು ನನ್ನನ್ನು ಕೇಳಿದರು. ನನ್ನ ಬಾಯಿಂದ ಬಂದದ್ದು "ಜರಡಿ". ಶಾಲೆಯೆಲ್ಲ ಗೊಳ್ಳೆಂದಿತು. ಮೇಷ್ಟ್ರು ಬಂದು ನನ್ನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತರು.

"ಅದು ಅವ್ರು ಅನ್ನಾದು ಕಣಮ್ಮ. ನಿನ್ ಹೆಸರು ಹೇಳು."

ನಾನು ಲಂಗದ ಅಂಚನ್ನು ಬೆರಳಿಗೆ ಸುತ್ತತೊಡಗಿದೆ.

"ಹೋಗಲಿ ಬಿಡಿ ಮೇಷ್ಟ್ರೇ, ಕೊರಟಗೆರೆಗೆ ಹೊತ್ತಾಯಿತು" ಎಂದು ಇನ್‌ಸ್ಪೆಕ್ಟರು ಎದ್ದರು. ಮೇಷ್ಟ್ರ ಕೆಲಸ ಅವರ ಒಂದು ಮಾತಿನ ಮೇಲಿತ್ತು. ಆದರೂ ಇವರು ಕೂತಲ್ಲಿಂದಲೇ ಕೈಮುಗಿದರು. "ಒಸಿ ನಿಲ್ಲಿ ಸ್ವಾಮಿ. ಮಗು ಹೇಳ್ತದೆ."

ಇನ್‌ಸ್ಪೆಕ್ಟರು ನಿಂತರು. ನಗುವೂ ನಿಂತಿತು. "ಓಬಳಮ್ಮ" ಎಂದೆ.

ಮೇಷ್ಟ್ರು ಹುಡುಗರ ಕಡೆ ಕೈತೋರಿ, "ಅವ್ರಿಗೆ ಕೇಳ್ಲಿಲ್ಲ" ಎಂದರು. ನಾನು ಎದ್ದು, ಅವರತ್ತ ತಿರುಗಿ, ಹೆಂಚು ಹಾರುವಂತೆ ಕೂಗಿದೆ: "ಓಬಳಮ್ಮ!"

ಆ ಸಂಜೆ ದಾರಿಯಲ್ಲಿ ಹುಡುಗನೊಬ್ಬ ಹಿಂದಿನಿಂದ "ಜರಡೀ" ಎಂದ. ನಾನು ತಿರುಗಲಿಲ್ಲ. ಕೂಗಿ ಕೂಗಿ ಸಾಕಾಗಿ, ಕೊನೆಗೆ ಅವನೇ "ಓಬಳಮ್ಮಾ, ನಿಲ್ಲೇ" ಎಂದ.

ಆಗ ನಿಂತೆ.