ಕೇಳಿದವರ ಕಾಗದ

ಅಂಗಡಿಯಿಂದ ಬಂದ ಪೊಟ್ಟಣದ ಕಾಗದವನ್ನು ಓದದೆ ಒಲೆಗೆ ಹಾಕಿದವಳಲ್ಲ ನಾನು. ಇವತ್ತು ಬೆಳಿಗ್ಗೆ ಇಂಗು ಕಟ್ಟಿಕೊಟ್ಟಿದ್ದು ಯಾವುದೋ ಪತ್ರಿಕೆಯ ಅರ್ಧ ಹಾಳೆಯಲ್ಲಿ. ಹಿಪ್ಪುನೇರಳೆ ಸೊಪ್ಪಿಗೆ ರೋಗ ಬಂದರೆ ಏನು ಮಾಡಬೇಕೆಂದು ಯಾರೋ ಬರೆದಿದ್ದರು. ನಮ್ಮ ಮನೆಯಲ್ಲಿ ರೇಷ್ಮೆ ಹುಳುವಿಲ್ಲ, ಹಿಪ್ಪುನೇರಳೆಯೂ ಇಲ್ಲ. ಆದರೂ ಇಂಗಿನ ವಾಸನೆಯ ಆ ಕಾಗದವನ್ನು ನಿಂತಲ್ಲೇ ಕೊನೆಯವರೆಗೂ ಓದಿದೆ. ಸಾರು ಉಕ್ಕಿತು. ಬರೆದದ್ದೆಲ್ಲ ಅರ್ಥವಾಯಿತು. ಹೀಗೆ ಬರೆಯುವುದಕ್ಕೆ ಈ ಮನುಷ್ಯ ಯಾರ ಯಾರ ಮುಂದೆ ನಿಂತು ಏನೇನು ಅನ್ನಿಸಿಕೊಂಡನೋ ಪಾಪ, ಎಂದುಕೊಂಡೆ. ಅಂಥವನೊಬ್ಬನನ್ನು ನಾನು ಹತ್ತಿರದಿಂದ ಬಲ್ಲೆ. ನನ್ನ ತಮ್ಮ ರಂಗ.

ಮಹಾರಾಜರ ಕಾಲದ ಮಾತು. ಯುದ್ಧ ಇನ್ನೂ ಶುರುವಾಗಿರಲಿಲ್ಲ. ನಮ್ಮ ಯಜಮಾನರು ಹುಣಸೂರಿನಲ್ಲಿ ಅಮಲ್ದಾರರ ಕಚೇರಿಯ ಗುಮಾಸ್ತರು. ಹೊಳೆಗೆ ಹೋಗುವ ದಾರಿಯಲ್ಲಿ ನಮ್ಮ ಮನೆ. ಸೋರುತ್ತಿತ್ತು, ಆದರೆ ದೇವರ ಮೂಲೆಯೊಂದು ಬಿಟ್ಟು ಸೋರುತ್ತಿತ್ತು. ಅದಕ್ಕಿಂತ ಹೆಚ್ಚು ಕೇಳುವುದು ದುರಾಸೆ. ಪಕ್ಕದಲ್ಲೇ ಬುಡೇನ್ ಸಾಬರ ಗಾಡಿ ಕೊಟ್ಟಿಗೆ. ಎತ್ತಿನ ಗಾಡಿ ಮಾಡುವುದರಲ್ಲಿ ಅವರ ಕೈ ಸುತ್ತಿನ ಊರಿಗೆಲ್ಲ ಹೆಸರಾಗಿತ್ತು.

ರಂಗ ಮೈಸೂರಿನಲ್ಲಿ ಬಿ.ಎ. ಓದುತ್ತಿದ್ದ. ನಮ್ಮ ತಂದೆ ಇರಲಿಲ್ಲ. ಅಮ್ಮ ಅವನ ಜೊತೆ ಒಂದು ಕೋಣೆಯಲ್ಲಿದ್ದುಕೊಂಡು, ಎರಡು ಮನೆಗಳಿಗೆ ಅಡಿಗೆಗೆ ಹೋಗುತ್ತಿದ್ದಳು. ಅವನ ಕಾಲೇಜಿನಲ್ಲಿ ಒಬ್ಬ ಮೇಷ್ಟ್ರು ಶನಿವಾರ ಮಧ್ಯಾಹ್ನ ಏಳೆಂಟು ಹುಡುಗರನ್ನು ಕೂಡಿಸಿಕೊಂಡು, ಪತ್ರಿಕೆಗೆ ಬರೆಯುವುದು ಹೇಗೆ, ರೇಡಿಯೋದಲ್ಲಿ ಮಾತಾಡುವುದು ಹೇಗೆ ಎಂದು ಹೇಳಿಕೊಡುತ್ತಿದ್ದರು. ಮಾತಾಡುವುದನ್ನೂ ಪಾಠ ಹೇಳಿಸಿಕೊಂಡು ಕಲಿಯಬೇಕೆಂದು ನನಗೆ ಆಗಲೇ ತಿಳಿದದ್ದು. ಅಲ್ಲಿಯವರೆಗೆ ಅದು ಹಲ್ಲು ಬಂದ ಹಾಗೆ ತಾನಾಗಿ ಬರುತ್ತದೆಂದಿದ್ದೆ.

ಮೇಷ್ಟ್ರ ಪರೀಕ್ಷೆ ಹೀಗಿತ್ತು. ಹುಡುಗ ಒಂದು ತಾಲ್ಲೂಕು ಊರಿಗೆ ಹೋಗಿ, ಇಪ್ಪತ್ತು ಜನರನ್ನು ಸೇರಿಸಿ, ಅವರಿಗೆ ಉಪಯೋಗವಾಗುವ ಒಂದು ವಿಷಯ ಹೇಳಬೇಕು. ಕೇಳಿದವರಲ್ಲಿ ಒಬ್ಬರು, ತಾವು ಏನು ಕೇಳಿದೆವು ಎಂದು ಕಾಗದದಲ್ಲಿ ಬರೆದು, ಅಂಟು ಹಾಕಿ ಕೊಡಬೇಕು. ಹುಡುಗ ಅದನ್ನು ಒಡೆದು ನೋಡಕೂಡದು. ಯಾರ ಕಾಗದ ಚೆನ್ನಾಗಿರುತ್ತದೋ ಅವನಿಗೆ ಆ ವರ್ಷ ಮೈಸೂರಿನ ಒಂದು ಪತ್ರಿಕೆಯಲ್ಲಿ ಕೆಲಸ. ರಂಗನಿಗೆ ಅದು ಸಿಕ್ಕಿದರೆ ಅಮ್ಮ ಅಡಿಗೆಗೆ ಹೋಗುವುದನ್ನು ಬಿಡಬಹುದಿತ್ತು.

ಶಿವರಾತ್ರಿ ಕಳೆದ ಮೇಲೆ ರಂಗ ಹುಣಸೂರಿಗೆ ಬಂದ. ಹೊಳೆ ಇಂಗಿ ಗುಂಡಿಗಳಾಗಿತ್ತು, ಅಲ್ಲಲ್ಲಿ ವಾಂತಿಭೇದಿ. "ನೀರು ಕಾಯಿಸಿ ಕುಡಿಯಬೇಕು ಅನ್ನೋದೇ ನನ್ನ ವಿಷಯ ಅಕ್ಕ," ಎಂದ. "ಕಾಗದ ನೀನೇ ಬರಿ. ಈ ಬೀದೀಲಿ ಬರೆಯೋಕೆ ಬರೋ ಹೆಂಗಸು ಇನ್ಯಾರಿದ್ದಾರೆ?"

ಜನ ಸೇರಿಸುವುದಕ್ಕೆ ಅವನು ಕಂಡುಕೊಂಡ ಉಪಾಯ ತಮಟೆ. ನನ್ನನ್ನು ಕೇಳಲಿಲ್ಲ. ಸಂಜೆ ನಾಲ್ಕಕ್ಕೆ ಎಲ್ಲರೂ ನಮ್ಮ ಮನೆಯ ಮುಂದಕ್ಕೆ ಬರಬೇಕೆಂದು ಬೀದಿ ಬೀದಿಯಲ್ಲಿ ಬಡಿಸಿದ. ನಮ್ಮ ಊರಿನಲ್ಲಿ ತಮಟೆ ಬರುತ್ತಿದ್ದುದು ಎರಡಕ್ಕೆ. ಕಂದಾಯ ಕಟ್ಟದವರ ಮನೆ ಜಪ್ತಿ, ಇಲ್ಲವೇ ಪ್ಲೇಗು ಬಂದಿದೆ, ಮನೆ ಖಾಲಿ ಮಾಡಿ ಎಂಬುದಕ್ಕೆ. ನಾಲ್ಕು ಗಂಟೆಗೆ ಬೀದಿಯ ಬಾಗಿಲುಗಳೆಲ್ಲ ಹಾಕಿದ್ದವು. ಸಭೆಗೆ ಬಂದವರು ನಮ್ಮ ಯಜಮಾನರು, ಬುಡೇನ್ ಸಾಬರು, ಬಾಗಿಲ ಸಂದಿಯಲ್ಲಿ ನಾನು. ಸಾಬರು ಬಂದದ್ದೂ ರಂಗ ನಿಂತಿದ್ದ ಬೆಂಚು ಅವರದಾದ್ದರಿಂದ.

"ಸಭೆ ಬಹಳ ಶಾಂತವಾಗಿತ್ತು," ಎಂದರು ನಮ್ಮ ಯಜಮಾನರು.

ಮಾರನೆಯ ದಿನ ಮೊಸರಿನ ಕೆಂಪಮ್ಮ ಬರಿಗೈಯಲ್ಲಿ ಬಂದಳು. "ಜಪ್ತಿಗೆ ಬತ್ತಾವ್ರೆ ಅಂತ ಕೊಳದಪ್ಪಲೇನ ಉಲ್ಲಿನ ಮೆದೇಲಿ ಉದುಗಿಸ್ಬುಟ್ಟೆ ಕಣ್ರವ್ವ. ಈಗ ಯಾವ ಮೆದೆ ಅಂತ ಗ್ಯಾನ ಬತ್ತಾ ಇಲ್ಲ. ಹಾಲು ಯಾತರಲ್ಲಿ ಕಾಯ್ಸಾನ?" ಎರಡು ದಿನ ನಮಗೆ ಮೊಸರಿಲ್ಲ.

ದಾರಿ ತೋರಿಸಿದವರು ಬುಡೇನ್ ಸಾಬರು. "ತಮಟೆ ಬಡುದ್ರೆ ಜನ ಬರಾಕಿಲ್ಲ ಸಾಮಿ, ಓಯ್ತಾರೆ. ಸೋಮವಾರ ಗಾಲಿಗೆ ಪಟ್ಟಿ ಆಕ್ತೀನಿ. ರೈತರು ಗಾಲಿ ಬುಟ್ಟು ಎಲ್ಲಿಗೋದಾರು? ಅಲ್ಲೇ ಮಾತಾಡ್ರಿ."

ಕಬ್ಬಿಣದ ಪಟ್ಟಿಯನ್ನು ಬೆರಣಿಯ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಇಕ್ಕಳದಲ್ಲಿ ಎತ್ತಿ ಮರದ ಗಾಲಿಗೆ ತೊಡಿಸಿ, ಕೂಡಲೇ ನೀರು ಸುರಿಯುತ್ತಾರೆ. ಪಟ್ಟಿ ಬಿಗಿದುಕೊಳ್ಳುತ್ತದೆ. ಇಪ್ಪತ್ತಕ್ಕಿಂತ ಹೆಚ್ಚೇ ಜನ ಕಾದು ಕೂತಿದ್ದರು. ಬೇಲಿಯ ಈಚೆ ನಾನು ಮತ್ತು ಕೆಂಪಮ್ಮ. ಕೊಳದಪ್ಪಲೆ ಸಿಕ್ಕಿತ್ತು, ದೇವರು ದೊಡ್ಡವನು.

ರಂಗ ಚೆನ್ನಾಗಿ ನಿಂತ. "ಮಹಾಜನರೇ, ಜಲವು ಸಕಲ ಜೀವರಾಶಿಯ ಮೂಲಾಧಾರವಷ್ಟೆ," ಎಂದು ಶುರುಮಾಡಿದ. ಕಣ್ಣಿಗೆ ಕಾಣದ ಕ್ರಿಮಿಗಳ ಬಗ್ಗೆ ಹೇಳಿದ, ಯೂರೋಪು ಖಂಡದ ಬಗ್ಗೆ ಹೇಳಿದ. ಒಂದು ಸಲ ಸಾಬರ ಆಳುಗಳು ಗಾಲಿಗೆ ನೀರು ಸುರಿದಾಗ ಹಬೆ ಎದ್ದು ರಂಗ ಕಾಣದೇ ಹೋದ. ದನಿ ಮಾತ್ರ ಬರುತ್ತಿತ್ತು. ರೇಡಿಯೋ ಎಂದರೆ ಹೀಗೇ ಇರಬೇಕು ಎಂದುಕೊಂಡೆ. ಹಬೆ ಕರಗಿದಾಗ ಅವನು ಇನ್ನೂ ಯೂರೋಪಿನಲ್ಲೇ ಇದ್ದ.

ಮುಗಿದ ಮೇಲೆ ಒಬ್ಬ ಮುದುಕ, "ಬುದ್ದಿಯೋರು ಬಾಳ ಚೆಂದಾಗಿ ಓದುದ್ರು," ಎಂದ. ರಂಗನ ಕೈಯಲ್ಲಿ ಪುಸ್ತಕವಿರಲಿಲ್ಲ.

ಕೆಂಪಮ್ಮ ನನ್ನ ಕಿವಿಯ ಹತ್ತಿರ ಬಂದಳು. "ತಮ್ಮಯ್ಯ ಏನಂದ್ರವ್ವ?"

"ನೀರು ಕಾಯಿಸಿ ಕುಡೀರಿ ಅಂದ."

"ಅಷ್ಟೇಯಾ? ಅದುಕ್ಕೆ ಇಷ್ಟೊತ್ತು ಬಿಸುಲಲ್ಲಿ ನಿಂತಿದ್ರಾ?" ಎಂದವಳು ಬೇಲಿಯ ಮೇಲಿಂದ ಅವನನ್ನೇ ಕೇಳಿದಳು. "ಬುದ್ದಿ, ಅನ್ನ ಬೇಯ್ಸಾಕೇ ಸೌದೆ ಇಲ್ಲ. ನೀರು ಕಾಯ್ಸಾಕೆ ಎಲ್ಲಿಂದ ತರಾನ?"

ರಂಗ ಸ್ವಲ್ಪ ಯೋಚಿಸಿ, "ಅದು ಇವತ್ತಿನ ವಿಷಯ ಅಲ್ಲಮ್ಮ," ಎಂದ.

ಕೆಂಪಮ್ಮ ಮರ್ಯಾದಸ್ಥೆ. ಹಾಗಿದ್ದರೆ ಸರಿ ಎಂಬಂತೆ ತಲೆಯಾಡಿಸಿ ಮನೆಗೆ ಹೋದಳು.

ಆ ಸಂಜೆ ನಾನು ದೀಪ ಹಚ್ಚುವಾಗ ರಂಗ ಅಡಿಗೆಮನೆಯ ಹೊಸಿಲ ಮೇಲೆ ಕೂತ. "ಚೆನ್ನಾಗಿ ಬರಿ ಅಕ್ಕ. ಅಮ್ಮನ ಕೈ ನೋಡಿದೀಯಲ್ಲ, ಹೇಗೆ ಬಿರಿದಿದೆ ಅಂತ."

"ನೋಡಿದೀನಿ ಕಣೋ," ಎಂದೆ. ದೀಪದ ಬತ್ತಿ ಸರಿಮಾಡಿದೆ.

ಬರೆದದ್ದು ಇಷ್ಟು: "ನಿಮ್ಮ ವಿದ್ಯಾರ್ಥಿ ಒಂದು ಸಲವೂ ತಡವರಿಸದೆ ಮಾತಾಡಿದ. ಬಂದವರು ಗಾಲಿಗೆ ಬಂದವರು. ನೀರು ಕಾಯಿಸಿ ಕುಡಿಯಬೇಕೆಂದು ತಿಳಿಯಿತು. ಅದು ನನಗೆ ಮೊದಲೇ ತಿಳಿದಿತ್ತು. ಸೌದೆಗೆ ಏನು ಮಾಡುವುದು ಎಂದು ಕೆಂಪಮ್ಮ ಎಂಬಾಕೆ ಕೇಳಿದಳು. ಅದಕ್ಕೆ ಉತ್ತರ ಬರಲಿಲ್ಲ." ಅನ್ನದ ಅಗುಳಿನಿಂದ ಅಂಟಿಸಿದೆ. ಆಮೇಲೆ ದೇವರ ಮುಂದೆ ಕೂತು, ಸುಳ್ಳು ಬರೆಸದೆ ಕಾಪಾಡಿದೆಯಲ್ಲ ಎಂದು ಕೈಮುಗಿದು, ಕೆಲಸ ಮಾತ್ರ ರಂಗನಿಗೇ ಕೊಡಿಸಪ್ಪಾ ಎಂದು ಬೇಡಿಕೊಂಡೆ. ಎರಡನ್ನೂ ಒಟ್ಟಿಗೆ ಹೇಗೆ ಮಾಡುವುದೆಂದು ನಾನು ದೇವರಿಗೆ ಹೇಳಲಿಲ್ಲ.

ಕೆಲಸ ಬೇರೆ ಹುಡುಗನಿಗೆ ಹೋಯಿತು. ಅವನ ಮಾತು ಅಮೃತಧಾರೆಯಂತಿತ್ತು ಎಂದು ಪಿರಿಯಾಪಟ್ಟಣದ ಯಾರೋ ದೊಡ್ಡವರು ಬರೆದಿದ್ದರಂತೆ. ಮೇಷ್ಟ್ರು ನನ್ನ ಕಾಗದವನ್ನು ರಂಗನಿಗೆ ಓದಿ ಹೇಳಿ, "ಸೌದೆಗೆ ಉತ್ತರ ತಗೊಂಡು ಬಾ," ಎಂದರಂತೆ. ಅವನು ಉತ್ತರ ಹುಡುಕಲಿಲ್ಲ, ಸಿಟ್ಟು ಮಾಡಿಕೊಂಡ. ಆ ವರ್ಷ ಗೌರಿ ಹಬ್ಬಕ್ಕೆ ಬರಲಿಲ್ಲ. ತವರಿನ ಅರಿಶಿನ ಕುಂಕುಮ ಅಂಚೆಯಲ್ಲಿ ಬಂತು. ಅಮ್ಮ ಕಟ್ಟಿದ್ದಳು. ಬೀದಿಯ ಹೆಂಗಸರು ಅಣ್ಣತಮ್ಮಂದಿರು ತಂದದ್ದನ್ನು ಒಬ್ಬರಿಗೊಬ್ಬರು ತೋರಿಸುತ್ತಿದ್ದಾಗ ನಾನು ಪೋಸ್ಟಿನ ಜವಾನರಿಗೆ ಹೋಳಿಗೆ ಕೊಟ್ಟೆ. ತಂದವರು ಅವರೇ ತಾನೆ.

ಕಾರ್ತಿಕದಲ್ಲಿ ರಂಗ ಬಂದ, ಹೇಳದೆ ಕೇಳದೆ. ನನ್ನ ಹತ್ತಿರ ಮಾತಿಲ್ಲ. ಊಟ ಮಾಡಿ ಸಾಬರ ಕೊಟ್ಟಿಗೆಯಲ್ಲಿ ಕೂರುತ್ತಿದ್ದ. ಮೂರು ದಿನ ರೈತರ ಮಾತು ಕೇಳುತ್ತ ಕೂತ. ನಾಲ್ಕನೆಯ ದಿನ ಕೆಂಪಮ್ಮನ ಹಿಂದೆ ಅವಳ ಹಟ್ಟಿಗೇ ಹೋದ. ಅವಳ ಒಲೆಯ ಪಕ್ಕದಲ್ಲಿ ಕೋಡೊಲೆ ಇತ್ತು. ಮುಂದಿನ ಒಲೆಯ ಉರಿ ಅದಕ್ಕೂ ಹಾಯುತ್ತದೆ. ಮುದ್ದೆಗೆ ಎಸರಿಡುವಾಗಲೇ ಅದರ ಮೇಲೆ ನೀರಿನ ಗಡಿಗೆ ಇಟ್ಟರೆ, ಮುದ್ದೆ ಇಳಿಸುವ ಹೊತ್ತಿಗೆ ಕುದಿಯುತ್ತದೆ ಎಂದು ಅವಳೇ ಹೇಳಿದಳಂತೆ. ಬೇರೆ ಸೌದೆ ಬೇಡ.

ಮುಂದಿನ ಸೋಮವಾರ ಅದನ್ನೇ ಕೊಟ್ಟಿಗೆಯಲ್ಲಿ ಹೇಳಿದ, ಒಂದು ಗಾಲಿ ತೊಡಿಸಿ ಮುಗಿಯುವಷ್ಟು ಹೊತ್ತಿನಲ್ಲಿ. "ನೀರು ಕಾಯ್ಸೋಕೆ ಸೌದೆ ಬೇಡ," ಎಂದು ಶುರುಮಾಡಿದ. ರೈತರು ಅವನತ್ತ ತಿರುಗಿದರು. ಗಡಿಗೆ ಮಣ್ಣಿನದೋ ತಾಮ್ರದ್ದೋ ಎಂದು ಒಬ್ಬ ಕೇಳಿದ. ಮಡಕೆ ಒಡೆದರೆ ಯಾರು ಕೊಡುತ್ತಾರೆ ಎಂದು ಇನ್ನೊಬ್ಬ. ರಂಗ ಇಬ್ಬರಿಗೂ ಉತ್ತರ ಹೇಳಿದ.

"ಇದು ನಾನೇಳಿದ್ದಲ್ವಾ?" ಎಂದಳು ಕೆಂಪಮ್ಮ. "ನನ್ ಒಲೇನ ನಂಗೇ ತೋರುಸ್ತಾವ್ರಲ್ಲ."

ಮೇಷ್ಟ್ರಿಗೆ ಕಳಿಸಿದ ಎರಡನೆಯ ಕಾಗದದಲ್ಲಿ ಅದನ್ನೂ ಬರೆದೆ. ಪತ್ರಿಕೆಯ ಕೆಲಸಕ್ಕೆ ಹೋಗಿದ್ದ ಹುಡುಗ ಅಷ್ಟರಲ್ಲಿ ರೆವಿನ್ಯೂ ಇಲಾಖೆಗೆ ಸೇರಿಕೊಂಡಿದ್ದ. ಜಾಗ ರಂಗನಿಗೆ ಬಂತು. ಸಂಕ್ರಾಂತಿಗೆ ಅಮ್ಮ ಅಡಿಗೆ ಬಿಟ್ಟಳು. ಹತ್ತು ತಿಂಗಳು ತಡವಾಯಿತು, ಅಷ್ಟೆ. ಅಷ್ಟೆ ಎಂದು ನಾನು ಹೇಳುತ್ತೇನೆ. ಒಲೆಯ ಮುಂದೆ ನಿಂತವಳು ಅವಳು.

ಈ ಕಥೆಯನ್ನು ನಾನು ಇಷ್ಟು ವರ್ಷ ನನ್ನ ಸತ್ಯದ ಕಥೆಯೆಂದೇ ಹೇಳಿಕೊಂಡು ಬಂದಿದ್ದೇನೆ. ಇವತ್ತು ಬರೆಯಲು ಕೂತಾಗ, ಹೊಸಿಲ ಮೇಲೆ ಕೂತಿದ್ದ ಅವನಿಗೆ ನಾನು ಏನು ಹೇಳಿದೆನೆಂದು ನೆನಪು ಮಾಡಿಕೊಂಡೆ. ನೋಡಿದೀನಿ ಎಂದದ್ದು ಬಿಟ್ಟರೆ ಏನೂ ಹೇಳಿರಲಿಲ್ಲ. ನಿನ್ನ ಮಾತು ಯಾರಿಗೂ ತಿಳಿಯಲಿಲ್ಲ ಕಣೋ, ನಾಳೆ ಇನ್ನೊಂದು ಸಲ ಹೇಳು ಎಂದಿದ್ದರೆ, ಇನ್ನೂ ಎರಡು ದಿನ ರಜೆಯಿತ್ತು ಅವನಿಗೆ. ಕೆಂಪಮ್ಮನ ಹಟ್ಟಿಯೂ ಅಲ್ಲೇ ಇತ್ತು. ದೇವರಿಗೆ ಹೆದರಿ ನಿಜ ಬರೆದೆ. ತಮ್ಮನ ಮುಖ ಸಪ್ಪಗಾದೀತೆಂದು ಹೆದರಿ, ಆ ನಿಜವನ್ನು ಅವನಿಗೆ ಹೇಳದೆ, ನಾನು ಮುಖವನ್ನೇ ಕಾಣದ ಮೇಷ್ಟ್ರಿಗೆ ಹೇಳಿದೆ.

ಮಧ್ಯಾಹ್ನ ರಂಗ ಬಂದಿದ್ದ. ಈಗ ಅವನ ಕೈಕೆಳಗೆ ನಾಲ್ಕು ಹುಡುಗರು ಪತ್ರಿಕೆಗೆ ಬರೆಯುತ್ತಾರೆ. ಬರೆದದ್ದನ್ನೆಲ್ಲ ಇಲ್ಲಿಯವರೆಗೂ ಅವನ ಎದುರಿಗೇ ಓದಿ ಹೇಳಿದೆ. ಹೊಸಿಲಿನ ಭಾಗಕ್ಕೆ ಬಂದಾಗ ನನ್ನ ದನಿ ಇಳಿಯಿತು.

"ಕೇಳಿಸ್ತಿಲ್ಲ ಅಕ್ಕ," ಎಂದ. "ಜೋರಾಗಿ ಓದು."

ಆ ಭಾಗವನ್ನು ಮತ್ತೆ ಮೊದಲಿನಿಂದ ಓದಿದೆ.