ಆರಗದ ಬಸ್ಸಿನ ಡಬ್ಬಿ

ಶುಕ್ರವಾರ ಸಂಜೆ ಕುಪವಾಡದ ಮನೆಯಲ್ಲಿ ಚಹಾ ಕುಡಿಯುತ್ತ ಮಗ ಅಜಿತ ಹೇಳಿದ ಮಾತಿಗೆ ಕೃಷ್ಣವ್ವ ಕೈಯೊಳಗಿನ ಬಸಿ ಕೆಳಗಿಟ್ಟಳು.

"ಅವ್ವಾ, ರವಿವಾರ ನನ್ನ ಹಾಸ್ಟೆಲ್ ಗೆಳ್ಯಾರ ಊಟಕ್ಕ ಬರಾಕತ್ತಾರ. ನಿನ್ನ ಕೈಯಾಗಿನ ಎಣಗಾಯಿ ಆದ್ರ ಸಾಕು, ಮತ್ತೇನೂ ಬ್ಯಾಡ ಅಂದಾರ."

"ಯೋಗಿತಾ ಚಲೋ ಮಾಡ್ತಾಳಲ್ಲೋ," ಎಂದು ಆಕೆ ಸೊಸೆಯ ಕಡೆ ನೋಡಿದಳು.

"ಯೋಗಿತಾಂದು ದಿನಾ ತಿಂತೇನಿ. ಅವರಿಗೆ ಆ ಎಸ್‌ಟಿ ಬಸ್ಸಿನ ಡಬ್ಬ್ಯಾಗಿಂದ ಬೇಕಂತ."

ಕೃಷ್ಣವ್ವ ಹೂಂ ಅಂದುಬಿಟ್ಟಳು. ಆ ಬದನೆಕಾಯಿ ಎಣಗಾಯಿಯನ್ನು ಆಕೆ ಜನ್ಮದಲ್ಲಿ ಒಮ್ಮೆಯೂ ಮಾಡಿದವಳಲ್ಲ.

ಅಜಿತ ಸಾಂಗ್ಲಿಯ ಕಾಲೇಜಿನಲ್ಲಿ ಓದುವಾಗ ಆಗ ಅವರಿದ್ದ ಹಳ್ಳಿ ಆರಗದಿಂದ ಮುಂಜಾನೆಯ ಎಸ್‌ಟಿ ಬಸ್ಸಿನಲ್ಲಿ ಅವನಿಗೆ ಊಟದ ಡಬ್ಬಿ ಹೋಗುತ್ತಿತ್ತು. ಓದುವ ಮಕ್ಕಳಿದ್ದ ಮನೆಯವರೆಲ್ಲ ಹಾಗೆಯೇ ಕಳಿಸುತ್ತಿದ್ದರು. ಹುಡುಗರು ಸ್ಟ್ಯಾಂಡಿಗೆ ಬಂದು ತಮ್ಮ ತಮ್ಮ ಡಬ್ಬಿ ಇಳಿಸಿಕೊಳ್ಳುತ್ತಿದ್ದರು. ಕೃಷ್ಣವ್ವನ ಗಂಡ ಭರಮಣ್ಣ ಕುರಿ ಹೊಡೆದುಕೊಂಡು ದೂರದ ಊರುಗಳಿಗೆ ಹೋದರೆ ತಿಂಗಳುಗಟ್ಟಲೆ ಬರುತ್ತಿರಲಿಲ್ಲ. ಮನೆಯಲ್ಲುಳಿದ ಮರಿಗಳು, ಮುದಿ ಕುರಿಗಳು, ಆಡುಗಳು ಆಕೆಯ ಪಾಲಿಗೆ. ಆಕೆ ಹುಟ್ಟಿ ಬೆಳೆದದ್ದೂ ಕುರಿಹಟ್ಟಿಯಲ್ಲಿಯೇ. ಮೂರು ಕಲ್ಲಿನ ಮೇಲೆ ಜೋಳದ ನುಚ್ಚು ಕುದಿಸುವುದು, ರೊಟ್ಟಿ ಬಡಿಯುವುದು, ಅಷ್ಟಕ್ಕೆ ಅಲ್ಲಿಯ ಅಡಿಗೆ ಮುಗಿಯುತ್ತಿತ್ತು. ಪಲ್ಯಕ್ಕೆ ಕೈ ಹಾಕಿದರೆ ಒಂದು ದಿನ ಉಪ್ಪು ಜಾಸ್ತಿ, ಇನ್ನೊಂದು ದಿನ ತಳ ಹತ್ತಿದ ವಾಸನೆ.

ಪಕ್ಕದ ಕಿರಾಣಿ ಅಂಗಡಿ ಮನೆಯ ಗುರುಶಾಂತವ್ವ ಮೊದಲ ವಾರದಲ್ಲೇ ಒಮ್ಮೆ ಡಬ್ಬಿಯ ಮುಚ್ಚಳ ತೆಗೆದು ನೋಡಿದ್ದಳು.

"ಏ ಕೃಷ್ಣವ್ವಾ, ಇದನ್ನ ತಿಂದ್ರ ನಿನ್ನ ಮಗಾ ಕಾಲೇಜಿಗಲ್ಲ, ಮಿರಜ ದವಾಖಾನಿಗೆ ಸೇರತಾನ ನೋಡು!"

ಮರುದಿನದಿಂದ ಪಲ್ಯ ಗುರುಶಾಂತವ್ವನ ಒಲೆಯದಾಯಿತು. ಅದಕ್ಕೆ ಬದಲಾಗಿ ಅವಳ ಚಹಾಕ್ಕೆ ಒಂದು ಚರಿಗೆ ಆಡಿನ ಹಾಲು.

ದೀಪಾವಳಿ ಸೂಟಿಗೆ ಬಂದ ಅಜಿತ ಬಾಗಿಲಲ್ಲೇ ನಿಂತು, "ಅವ್ವಾ, ನಿನ್ನ ಎಣಗಾಯಿ ಸಂಬಂಧ ಹಾಸ್ಟೆಲಿನ್ಯಾಗ ಜಗಳಾ ನಡೀತಾವು!" ಎಂದ. ಅಲ್ಲೇ ಕಟ್ಟೆಯ ಮೇಲೆ ಕುಳಿತಿದ್ದ ಗುರುಶಾಂತವ್ವ ಸೆರಗು ಕಚ್ಚಿ ನಗು ತಡೆದಳು. ಏನೂ ಹೇಳಬೇಡ ಎಂದು ಕಣ್ಣಿನಲ್ಲೇ ಸನ್ನೆ ಮಾಡಿದಳು. ಆಗಲೇ ಹೇಳಬಹುದಿತ್ತು. ಆದರೆ ಮಗ ಅಷ್ಟು ಬಾಯಿ ತುಂಬ ಹೊಗಳಿದ್ದು ಅದೇ ಮೊದಲು. ಅಂದು ಬಾರದ ಮಾತು ಆಮೇಲೆ ಬರಲೇ ಇಲ್ಲ. ಸೂಟಿಯಲ್ಲಿ ಅವನು ಎಣಗಾಯಿ ಕೇಳಿದರೆ ಅದೂ ಗುರುಶಾಂತವ್ವನ ಒಲೆಯಿಂದಲೇ ಬರುತ್ತಿತ್ತು; ಮದುವೆಯಾದ ಮೇಲೆ ಅಡಿಗೆ ಯೋಗಿತಾಳ ಕೈಗೆ ಹೋಯಿತು.

ಶನಿವಾರ ಕೃಷ್ಣವ್ವ ಆರಗದ ಬಸ್ಸು ಹಿಡಿದು ಗುರುಶಾಂತವ್ವನ ಮನೆಗೆ ಹೋದಳು.

"ಯಕ್ಕಾ, ಎಣಗಾಯಿ ಮಾಡೂದ ಕಲಿಸು."

"ಇಷ್ಟ ವರ್ಷ ಕಲೀಲಾರದಾಕಿ ಒಂದ ಮಧ್ಯಾಹ್ನದಾಗ ಕಲೀತಿ?" ಗುರುಶಾಂತವ್ವ ಗಹಗಹಿಸಿದಳು. "ನಾ ಮಾಡ್ತಿದ್ನಿ ಅಂತ ಹೇಳಿ ಕೈ ತೊಳ್ಕೊ. ಹುಡುಗೇನು ನಿನ್ನ ಹೊರಗ ಹಾಕ್ತಾನೇನ?"

"ಅಂವಾ ಓದಿದ್ದು ನನಗ ತಿಳೀಲಿಲ್ಲ, ಅವನ ನೌಕರಿ ತಿಳೀಲಿಲ್ಲ. ನಮ್ಮವ್ವನ ಡಬ್ಬಿ ಅಂತಾನಲ್ಲ, ಅದೊಂದ ನಂದಂತ ಐತಿ. ಅದೂ ನಂದಲ್ಲ ಅಂದ್ರ, ಏನ ಉಳೀತು ಯಕ್ಕಾ?"

ಗುರುಶಾಂತವ್ವನ ನಗು ನಿಂತಿತು. "ನಾಳೆ ಮುಂಜಾನಿ ಬಸ್ಸಿಗೆ ಡಬ್ಬಿ ಇಡತೇನಿ. ಮಿರಜ ಸ್ಟ್ಯಾಂಡಿನ್ಯಾಗ ಇಳಿಸ್ಕೊ," ಎಂದಳು.

ರವಿವಾರ ಮಿರಜ ಪೇಟೆಗೆ ಬದನೆಕಾಯಿ ತರಲು ಹೊರಟೆನೆಂದರೆ ಮಗ ಕೇಳಬೇಕಲ್ಲ! "ಮೊಣಕಾಲ ನೋವು ಇಟ್ಕೊಂಡು ಬಸ್ ಯಾಕ? ಗಾಡಿ ಮ್ಯಾಲ ಕುಂದ್ರು," ಎಂದು ಹಟ ಹಿಡಿದ. ಸ್ಟ್ಯಾಂಡಿನ ಹತ್ತಿರವೇ ಬಿಡು ಎಂದರೆ ಅವನೂ ಒಳಗೆ ಬಂದ. ಅಷ್ಟರಲ್ಲಿ ಆರಗದ ಬಸ್ಸು ಬಂದು ನಿಂತಿತು.

"ಕೃಷ್ಣವ್ವಾರ ಯಾರ್ರಿ?" ಕಂಡಕ್ಟರ್ ಬಾಗಿಲಿಂದಲೇ ಕೂಗಿದ.

"ನಮ್ಮವ್ವ. ಯಾಕ್ರಿ?" ಎಂದ ಅಜಿತ.

ಕಂಡಕ್ಟರ್ ಪ್ಲಾಸ್ಟಿಕ್ ಚೀಲದೊಳಗಿನ ಡಬ್ಬಿಯನ್ನು ಅವನ ಕೈಗಿಟ್ಟ. "ಗುರುಶಾಂತವ್ವಾಯಿ ಎಣಗಾಯಿ ಕಳಿಸ್ಯಾಳ್ರಿ. ಇವರ ಮಗಗ ಮಾತ್ರ ತಿಳೀಬಾರದಂತ." ಹೇಳಿ ಮುಗಿಸಿದ ಮೇಲೆ ಅವನ ಬಾಯಿ ತೆರೆದೇ ಉಳಿಯಿತು. "ಅಂದ್ರ ನೀವು..." ಎಂದವನೇ ಸೀಟಿ ಊದಿ ಒಳಗೆ ಸರಿದ.

ಕೃಷ್ಣವ್ವ ಕಲ್ಲುಬೆಂಚಿನ ಮೇಲೆ ಕುಳಿತಳು. ನೆಲ ನೋಡುತ್ತಲೇ ಎಲ್ಲವನ್ನೂ ಹೇಳಿದಳು. ಅಜಿತ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಕೇಳಿದ. ಕೊನೆಗೆ ಡಬ್ಬಿಯನ್ನು ಮುಟ್ಟಿ ಮುಟ್ಟಿ ನೋಡಿದ.

"ಇದು ಆರೇತಲ್ಲವ್ವಾ. ನಾ ಸಾಂಗ್ಲ್ಯಾಗ ಇಳಿಸ್ಕೊಂಡಾಗ ಬಿಸಿ ಇರತಿತ್ತು. ಎಲ್ಲಾರ ಡಬ್ಬಿ ತಣ್ಣಗ, ನನ್ನೊಂದ ಬಿಸಿ. ಅದಕ್ಕ ಹುಡುಗೂರು ಮೊದ್ಲ ನನ್ನ ಡಬ್ಬಿಗೆ ಬೀಳತಿದ್ರು."

"ಹಳೇ ಕಂಬಳಿ ತುಂಡಿನ್ಯಾಗ ಬಿಗದ ಕಟ್ಟತಿದ್ನಿ," ಎಂದಳು ಕೃಷ್ಣವ್ವ. "ಬಸ್ಸು ಕೈ ಮಾಡಿದ್ರ ನಿಂದರತಿರಲಿಲ್ಲ. ಕುರಿ ಅಡ್ಡ ಬಿಡತಿದ್ನಿ. ಕಂಬಳಿ, ರೊಟ್ಟಿ, ಇಷ್ಟ ನಂದು."

"ಕುರಿ ಅಡ್ಡ ಬಿಡತಿದ್ದಿ?" ಅಜಿತನಿಗೆ ನಗು ಬಂತು. ಕಣ್ಣು ಮಾತ್ರ ಒದ್ದೆಯಾಗಿತ್ತು. "ಯೋವ್ವಾ! ಅದಕ್ಕ ಆ ಡ್ರೈವರ್ ಮಾಮಾ ನನ್ನ ಮಾರಿ ಕಂಡಕೂಡ್ಲೆ ಬೈತಿದ್ದ!"

ಅವನು ತಾಯಿಯನ್ನು ಮನೆಯಲ್ಲಿ ಬಿಟ್ಟು, ಅದೇ ಗಾಡಿ ತಿರುಗಿಸಿ ಆರಗಕ್ಕೆ ಹೋದ.

ಕೃಷ್ಣವ್ವ ಎಣಗಾಯಿ ಬಿಸಿ ಮಾಡಿ ಮತ್ತೆ ಡಬ್ಬಿಗೆ ತುಂಬಿದಳು. ಟ್ರಂಕಿನ ತಳದಿಂದ ಕಂಬಳಿ ತುಂಡು ತೆಗೆದು ಬಿಗಿಯಾಗಿ ಸುತ್ತಿದಳು. ಆಮೇಲೆ ರೊಟ್ಟಿ ಬಡಿಯಲು ಕುಳಿತಳು.

ಅಜಿತ ಗುರುಶಾಂತವ್ವನನ್ನು ಕರೆತರುವ ಹೊತ್ತಿಗೆ ಗೆಳೆಯರೂ ಬಂದಿದ್ದರು. ಅವಳನ್ನು ನಡುವೆ ಕೂರಿಸಿ, "ಎಣಗಾಯಿ ಈ ಮಾವಶೀದು. ಬಿಸಿ ನಮ್ಮವ್ವಂದು," ಎಂದ. ಗಂಟು ಬಿಚ್ಚಿ ಮುಚ್ಚಳ ತೆಗೆದಾಗ ಹುರಿದ ಗುರೆಳ್ಳಿನ ಘಮದ ಜೊತೆ ಹಬೆ ಎದ್ದಿತು. ತಲೆ ನರೆತ ಆ ಗೆಳೆಯರು ಹುಡುಗರಂತೆ ಕೈ ಚಾಚಿದರು.

"ಏನ ಬೇಕಾದ್ರೂ ಬಡಸಾಕ ಹೇಳ್ರಿ," ಎಂದಳು ಗುರುಶಾಂತವ್ವ ಮೊದಲ ತುತ್ತಿಗೇ. "ಉಪ್ಪಿನ ಡಬ್ಬಿ ಮಾತ್ರ ಇಕಿ ಕೈಯಾಗ ಕೊಡಬ್ಯಾಡ್ರಪ್ಪಾ!"

ಎಲ್ಲರಿಗಿಂತ ಜೋರಾಗಿ ನಕ್ಕವಳು ಕೃಷ್ಣವ್ವ. ನಗುತ್ತಲೇ ಇನ್ನೊಂದು ಬಿಸಿ ರೊಟ್ಟಿಯನ್ನು ಮಗನ ತಾಟಿಗೆ ಹಾಕಿದಳು.