ಎರಡನೆಯ ತೋಳು

ಬಹಳ ದಿನ ನಾನು ಒಂದು ಯಂತ್ರದ ಶಕುನ ಕೇಳಿಕೊಂಡು ಬದುಕಿದೆ. ಗೋಡೆಯ ಮೇಲೆ ಹಲ್ಲಿ ಲೊಚಗುಟ್ಟಿದರೆ ಬೆರಳು ಮಡಿಸಿ ನೆಲಕ್ಕೆ ಕುಟ್ಟಿ ‘ಶಿವ ಶಿವ’ ಅನ್ನುವುದು ನನಗೆ ಚಿಕ್ಕಂದಿನ ಅಭ್ಯಾಸ. ಆ ಹೊತ್ತಿಗೆ ಬಾಯಲ್ಲಿದ್ದ ಮಾತು ನಿಜವಾಗುತ್ತದೆ ಎಂದು ನಂಬಿಕೆ. ಈ ಸಲ ಮಳೆ ನಿಂತ ಮೇಲೆ ಶಿವಮೊಗ್ಗದ ಗೋಪಾಳ ಬಡಾವಣೆಯ ನಮ್ಮ ಮನೆಯ ಹಲ್ಲಿಗೆ ಏನಾಯಿತೋ, ನಾನು ಏನು ಅಂದರೂ ಲೊಚಗುಟ್ಟತೊಡಗಿತು. ಎದುರು ಮನೆಯವಳಿಗೆ ಕೊಬ್ಬು ಅಂದೆ, ಲೊಚ್. ಸಾರಿಗೆ ಉಪ್ಪು ಜಾಸ್ತಿ ಅಂದೆ, ಲೊಚ್. ಪಾಪ, ಒಳ್ಳೆಯ ಹಲ್ಲಿ ಅಂದುಕೊಂಡೆ. ನನ್ನ ಮಾತನ್ನು ಈ ಮನೆಯಲ್ಲಿ ಅಷ್ಟು ತಪ್ಪದೆ ಒಪ್ಪುವವರು ಬೇರೆ ಯಾರಿದ್ದಾರೆ? ಕೊನೆಗೆ ಗೊತ್ತಾಯಿತು, ಅದು ಹಲ್ಲಿಯಲ್ಲ. ಮಗಳ ಲ್ಯಾಪ್‌ಟಾಪು.

ಮಗಳು ಸುಮಾ ಮನೆಯ ಮುಂದಿನ ಕೋಣೆಯಲ್ಲಿ ಮದುವೆ ಬ್ಲೌಸುಗಳಿಗೆ ಕಸೂತಿ ಹಾಕಿಕೊಡುತ್ತಾಳೆ. ಕೈಯಲ್ಲಿ ಅಲ್ಲ, ಯಂತ್ರದಲ್ಲಿ. ಚಿತ್ರವನ್ನು ಅವಳು ಲ್ಯಾಪ್‌ಟಾಪಿನಲ್ಲಿ ಬರೆಯುತ್ತಾಳೆ. ಅಲ್ಲಿಂದ ಒಂದು ವೈರು ಕಸೂತಿ ಯಂತ್ರಕ್ಕೆ ಹೋಗುತ್ತದೆ. ಸೂಜಿ ತನ್ನಷ್ಟಕ್ಕೆ ತಾನು ಕುಣಿಯುತ್ತದೆ. ಯಂತ್ರ ಹಳೆಯದು, ಅದಕ್ಕೆ ಸ್ವಂತ ನೆನಪಿಲ್ಲ, ಪ್ರತಿಯೊಂದು ಹೊಲಿಗೆಯನ್ನೂ ಲ್ಯಾಪ್‌ಟಾಪೇ ಹೇಳಿಕೊಡಬೇಕು. ನಾನು ಓದಿದ್ದು ನಾಲ್ಕನೆಯ ಕ್ಲಾಸು. ಹರೆಯದಲ್ಲಿ ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಕೂತು ದಿಂಬಿನ ಗೌಸಿಗೆ ಹೂ ಹಾಕಿದವಳು. ಒಂದು ಹೂವಿನ ಹಾಗೆ ಇನ್ನೊಂದನ್ನು ಹಾಕಲು ನನಗೆ ಎಂದೂ ಬರಲಿಲ್ಲ. ನನ್ನ ಗುಲಾಬಿ ನೋಡಿದ ಅಕ್ಕಪಕ್ಕದವರು ಎಲೆಕೋಸು ಚೆನ್ನಾಗಿದೆ ಅನ್ನುತ್ತಿದ್ದರು.

ಆ ಲ್ಯಾಪ್‌ಟಾಪು ಒಂದು ದಿನ ಬೆಳಿಗ್ಗೆ ಲೊಚಗುಟ್ಟುತ್ತ ಲೊಚಗುಟ್ಟುತ್ತ ನಿಂತೇಹೋಯಿತು. ನಿಂತ ಹೊತ್ತೂ ಎಂಥದ್ದು ಅಂತೀರಿ. ಕುಂಸಿಯ ಒಬ್ಬ ಮದುಮಗಳ ರೇಷ್ಮೆ ಬ್ಲೌಸಿನ ಒಂದು ತೋಳು ಮುಗಿದಿತ್ತು, ಇನ್ನೊಂದನ್ನು ಸೂಜಿ ಇನ್ನೂ ಮುಟ್ಟಿರಲಿಲ್ಲ. ಮುಗಿದ ತೋಳಿನಲ್ಲಿ ಅಡಿಕೆ ಹೊಂಬಾಳೆಯ ಮೇಲೆ ಒಂದು ಗಿಳಿ ಕೂತು ಎದೆಯ ಕಡೆಗೆ ಮುಖ ಮಾಡಿ ನೋಡುತ್ತಿತ್ತು. ಆ ಹುಡುಗಿಗೆಂದೇ ಸುಮಾ ಹೊಸದಾಗಿ ಬರೆದ ಚಿತ್ರ ಅದು. ಹೊಂಬಾಳೆಯ ಒಂದೊಂದು ಎಳೆಯನ್ನೂ ಅಳಿಸಿ ತಿದ್ದಿ ಬರೆದಿದ್ದಳು. ಮತ್ತೆ ಬರೆದರೆ ಹೊಂಬಾಳೆ ಬರುತ್ತದೆ, ಅದೇ ಹೊಂಬಾಳೆ ಬರುವುದಿಲ್ಲ. ಬೇರೆ ತೋಳು ಮಾಡೋಣವೆಂದರೆ ಸೀರೆಯ ಜೊತೆ ಬಂದ ಬಟ್ಟೆ ಅಷ್ಟೇ. ಮದುವೆ ಹತ್ತಿರಕ್ಕೆ ಬಂದಿತ್ತು.

ಹುಡುಗಿಯ ತಾಯಿ ಗಿರಿಜಮ್ಮನ ಫೋನು ಬಂತು. “ಸುಮಾ, ತೋಳು ಆಯ್ತಾ?”

“ಒಂದು ಆಯ್ತು ಗಿರಿಜಕ್ಕ.”

“ಇನ್ನೊಂದು?”

ಸುಮಾ ಬಾಯಿ ತೆರೆಯುವ ಮೊದಲು ನಾನು ಫೋನು ಇಸಿದುಕೊಂಡೆ. “ನಿಮ್ಮ ಹುಡುಗಿಗೆ ಎರಡು ಕೈ ಇರೋದು ನಮಗೂ ಗೊತ್ತಿದೆ ಕಣಮ್ಮ. ಆದ ಮೇಲೆ ಹೇಳ್ತೀವಿ, ಇಡು.”

ಗಿರಾಕಿಯ ಹತ್ತಿರ ಹಾಗೆ ಮಾತಾಡಬಾರದು ಎಂದು ಸುಮಾ ರೇಗಿದಳು. ಅವಳ ಕಣ್ಣು ಮಾತ್ರ ಲ್ಯಾಪ್‌ಟಾಪಿನ ಮೇಲೇ ಇತ್ತು. ಶಿವಮೊಗ್ಗದ ಒಂದು ಅಂಗಡಿಯಲ್ಲಿ ಹೊಸ ಡಿಸ್ಕು ಹಾಕಿಕೊಡುತ್ತೇವೆ, ಒಳಗಿದ್ದದ್ದಕ್ಕೆ ಗ್ಯಾರಂಟಿ ಇಲ್ಲ ಅಂದರು. ನಮಗೆ ಬೇಕಾದದ್ದೇ ಒಳಗಿದ್ದದ್ದು. ಆಗ ನನಗೆ ಸೆಲ್ವಂ ನೆನಪಾದ. ಕ್ವಾರ್ಟರ್ಸಿನಲ್ಲಿ ನಮ್ಮ ಪಕ್ಕದ ಮನೆಯವನು. ಅವನ ಅಪ್ಪ, ನನ್ನ ಯಜಮಾನರು ಒಂದೇ ಶೆಡ್ಡಿನಲ್ಲಿ ಕಬ್ಬಿಣ ಕಾಯಿಸಿದವರು. ಸೆಲ್ವಂ ಈಗ ಭದ್ರಾವತಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಲ್ಯಾಪ್‌ಟಾಪನ್ನು ಹಳೆಯ ಸೀರೆಯಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡು ಬಸ್ಸು ಹತ್ತಿದೆವು. ಕಂಡಕ್ಟರು “ಮಗು ಮಲಗಿದೆಯಾ?” ಅಂದ. ಹೌದು, ಹುಷಾರಿಲ್ಲ ಅಂದೆ.

ಸೆಲ್ವಂಗೆ ಈಗ ಹೊಟ್ಟೆ ಬಂದಿದೆ, ಗತ್ತು ಬಂದಿದೆ. ಲ್ಯಾಪ್‌ಟಾಪನ್ನು ಕಿವಿಗೆ ಹಿಡಿದು ಆಪರೇಷನ್ನಿನ ಡಾಕ್ಟರ ಹಾಗೆ ಕಣ್ಣು ಮುಚ್ಚಿದ.

“ತಲೆ ಹೊಡ್ಕೋತಿದೆ ಅಮ್ಮಾ,” ಅಂದ.

“ಯಾರದೋ?”

“ಡಿಸ್ಕಿಂದು. ಒಳಗೆ ಓದೋದಕ್ಕೆ ಒಂದು ಮುಳ್ಳಿರುತ್ತೆ. ಜಾಗ ಸಿಗದೆ ಹೋಗ್ತದೆ, ಬರ್ತದೆ, ಹೋಗ್ತದೆ, ಬರ್ತದೆ. ಅದೇ ಸೌಂಡು.”

ಅಂದರೆ ಅದು ದಿನವೂ ದಾರಿ ತಪ್ಪಿ ಕೂಗುತ್ತಿತ್ತು, ನಾನು ನೆಲ ಕುಟ್ಟಿ ಶಿವ ಶಿವ ಅನ್ನುತ್ತಿದ್ದೆ.

“ಒಳಗಿರೋದು ಬರುತ್ತಾ ಸೆಲ್ವಂ?” ಸುಮಾ ಕೇಳಿದಳು.

“ಅದು ಮನಸ್ಸು ಮಾಡಿದ್ರೆ ಬರ್ತದೆ. ಇನ್ನೊಂದು ಕಡೆ ಯಾಕಕ್ಕಾ ಇಟ್ಕೊಂಡಿಲ್ಲ?”

“ನಾಳೆ ಇಡೋಣ ಅಂತಿದ್ದೆ.”

“ಆ ನಾಳೆ ದಿನಾನೇ ಎಲ್ಲರೂ ನನ್ನ ಅಂಗಡಿಗೆ ಬರೋದು.”

ಅವನು ಲ್ಯಾಪ್‌ಟಾಪನ್ನು ಬೋರಲು ಹಾಕಿ, ಎಳ್ಳಿನಷ್ಟು ಸಣ್ಣ ಸ್ಕ್ರೂಗಳನ್ನು ಬಿಚ್ಚಿ ತಟ್ಟೆಗೆ ಹಾಕಿ, ಕೆಳಗಿನ ಮುಚ್ಚಳ ಎತ್ತಿದ. ಒಳಗೆ, ಕಳೆದ ಆಯುಧಪೂಜೆಯಲ್ಲಿ ನಾವು ಹಚ್ಚಿದ ವಿಭೂತಿ ಧೂಳಾಗಿ ಕೂತಿತ್ತು. ಅದನ್ನು ಬ್ರಷ್ಷಿನಲ್ಲಿ ಒರೆಸುತ್ತ ನನ್ನನ್ನು ನೋಡಿದ. “ಭದ್ರಾವತಿ, ಶಿವಮೊಗ್ಗದಲ್ಲಿ ಯಾವ ಲ್ಯಾಪ್‌ಟಾಪ್ ತೆಗೆದ್ರೂ ಇದು ಇದ್ದೇ ಇರ್ತದೆ ಬಿಡಿ. ಡಿಸ್ಕಿಗೂ ಇದಕ್ಕೂ ಸಂಬಂಧ ಇಲ್ಲ,” ಅಂದ. ಆಮೇಲೆ ಮೂಲೆಯಿಂದ ಇಸ್ಪೀಟು ಕಟ್ಟಿನಷ್ಟು ದೊಡ್ಡ ಒಂದು ಲೋಹದ ಚೌಕವನ್ನು ಹೊರಗೆ ಎಳೆದ. ಇಷ್ಟೇನಾ? ಇದರೊಳಗೇ ಸುಮಾಳ ಹದಿನೆಂಟು ಜಾತಿಯ ನವಿಲು, ಮಾವಿನಕಾಯಿ, ಹೊಂಬಾಳೆ, ಗಿಳಿ ಎಲ್ಲ ಇರುವುದಾ?

ನನ್ನ ಮುಖ ನೋಡಿ ಅವನಿಗೆ ಉತ್ಸಾಹ ಬಂತು. ಸತ್ತುಹೋಗಿದ್ದ ಇನ್ನೊಂದು ಡಿಸ್ಕಿನ ಮುಚ್ಚಳ ತೆಗೆದು ತೋರಿಸಿದ. ಒಳಗೆ ಒಂದು ದುಂಡನೆಯ ತಟ್ಟೆ. ಅಂಥ ಕನ್ನಡಿಯನ್ನು ನಾನು ಮದುವೆಮನೆಯಲ್ಲೂ ನೋಡಿಲ್ಲ. ಬಗ್ಗಿದರೆ ನನ್ನ ಮೂಗುಬಟ್ಟು, ಮೂಗಿನ ಪಕ್ಕದ ನರಹುಲಿ ಎರಡೂ ಕಂಡವು. ಅದರ ಮೇಲೆ ಕೊಕ್ಕರೆಯ ಕೊಕ್ಕಿನ ಹಾಗೆ ಒಂದು ಮುಳ್ಳು.

“ಇದು ಫ್ಯಾನಿಗಿಂತ ಜೋರಾಗಿ ತಿರುಗ್ತದೆ. ಮುಳ್ಳು ಅದನ್ನ ಮುಟ್ಟೋದೇ ಇಲ್ಲ. ಕೂದಲು ಹೋಗದಷ್ಟು ಸಂದಿಯಲ್ಲಿ ತೇಲ್ತಾ ಓದ್ತದೆ,” ಅಂದ.

“ಏನು ಬರೆದಿದೆಯೋ ಅಲ್ಲಿ? ನನಗೆ ನನ್ನ ಮೂಗೇ ಕಾಣ್ತಿದೆ.”

“ಕಣ್ಣಿಗೆ ಕಾಣಲ್ಲ. ಎಲ್ಲಾ ಅಯಸ್ಕಾಂತ. ಒಂದೊಂದು ಚುಕ್ಕೆನೂ ಈ ಕಡೆ ಇಲ್ಲಾ ಆ ಕಡೆ ತಿರುಗಿರ್ತದೆ. ಅಷ್ಟೇ ಬರಹ.”

ಅಷ್ಟೇ ಅಂತೆ. ಹಿಂದೆ ಆಯುಧಪೂಜೆಯ ದಿನ ಕಾರ್ಖಾನೆಯೊಳಗೆ ಮನೆಯವರನ್ನು ಬಿಡುತ್ತಿದ್ದರು. ಒಮ್ಮೆ ನಾನೂ ಹೋಗಿ ಕರಗಿದ ಕಬ್ಬಿಣವನ್ನು ನೋಡಿದ್ದೆ. ಅದು ಹರಿಯುವಾಗ ಶೆಡ್ಡಿನ ಗೋಡೆಯೆಲ್ಲ ಕೆಂಪಾಗಿ, ನನ್ನ ಯಜಮಾನರು ಅದರ ಮುಂದೆ ಇರುವೆಯಷ್ಟು ಸಣ್ಣಗೆ ಕಾಣುತ್ತಿದ್ದರು. ಕಬ್ಬಿಣ ಅಂದರೆ ಇದು, ಮನುಷ್ಯ ಇದಕ್ಕಿಂತ ದೊಡ್ಡದೇನೂ ಮಾಡಲಾರ ಅಂದುಕೊಂಡಿದ್ದೆ. ಈಗ ಅದೇ ಊರಿನಲ್ಲಿ, ಅಂಗೈಯಗಲದ ತಟ್ಟೆಯಲ್ಲಿ, ಕಬ್ಬಿಣದ ಆಕಡೆ ಈಕಡೆಯ ಹೊರಳಾಟವೇ ಗಿಳಿಯಾಗಿ ಕೂತಿದೆ ಅನ್ನುತ್ತಾನೆ. ಅವತ್ತು ಬೆಂಕಿಯ ಮುಂದೆ ಬಾಯಿ ತೆರೆದಿದ್ದೆ. ಇವತ್ತು ಕಾಣದ ಚುಕ್ಕೆಯ ಮುಂದೆ ಬಾಯಿ ತೆರೆದೆ. ಎರಡಕ್ಕೂ ಕೈಮುಗಿಯಬೇಕು ಅನ್ನಿಸಿತು. ಸೆಲ್ವಂ ನಗುತ್ತಾನೆಂದು ಕೈ ಎತ್ತಲಿಲ್ಲ.

ಹೊಸ ಡಿಸ್ಕು ಬಂತು. ಕಡಲೆ ಚಿಕ್ಕಿಯಷ್ಟು ಹಗುರ. ಕಿವಿಯ ಹತ್ತಿರ ಅಲ್ಲಾಡಿಸಿದೆ. ಏನೂ ಇಲ್ಲ.

“ಖಾಲಿ ಡಬ್ಬಿ ಕೊಡ್ತಿದೀಯ ಅಲ್ವೇನೋ?”

“ಇದರಲ್ಲಿ ತಿರುಗೋದು ಏನೂ ಇಲ್ಲಮ್ಮಾ. ಅದಕ್ಕೇ ಸೌಂಡಿಲ್ಲ. ಎಲ್ಲಾ ಒಂದು ಹಿಡಿ ಕರೆಂಟು, ಕೂಡಿ ಹಾಕಿರೋದು.”

ಕರೆಂಟನ್ನು ಉಪ್ಪಿನಕಾಯಿಯ ಹಾಗೆ ಕೂಡಿ ಹಾಕುವ ಕಾಲ. ಹಳೆಯದು, ಹೊಸದು ಎರಡನ್ನೂ ಮೇಜಿನ ಮೇಲೆ ಪಕ್ಕಪಕ್ಕ ಮಲಗಿಸಿ, ವೈರು ಚುಚ್ಚಿ, ಒಂದರಲ್ಲಿದ್ದದ್ದು ಇನ್ನೊಂದಕ್ಕೆ ಹೋಗಲಿ ಎಂದು ಬಿಟ್ಟ. ಪರದೆಯ ಮೇಲೆ ಒಂದು ನೀಲಿ ಪಟ್ಟಿ ಬಸವನಹುಳುವಿನ ಹಾಗೆ ಹೊರಟಿತು. ಅರ್ಧ ದಾಟಿದ ಮೇಲೆ ನಿಂತಿತು. ಹಳೆಯದು ಮತ್ತೆ ಲೊಚ್, ಲೊಚ್. ಸುಮಾಳ ತುಟಿ ಅಲ್ಲಾಡುತ್ತಿತ್ತು, ಯಾವ ದೇವರನ್ನು ಹಿಡಿದಿದ್ದಳೋ. ಸೆಲ್ವಂನ ಗತ್ತೂ ನಿಂತಿತು. ನಾನು ಚೀಲದಿಂದ ಬಾಳೆಹಣ್ಣು ತೆಗೆದು ತಿಂದೆ. ಆತಂಕದಲ್ಲಿ ನನಗೆ ಹಸಿವು ಜಾಸ್ತಿ. ಹಣ್ಣು ಮುಗಿಯುವಷ್ಟರಲ್ಲಿ ಪಟ್ಟಿ ಒಂದು ಕೂದಲಿನಷ್ಟು ಸರಿಯಿತು. ಆಮೇಲೆ ಇನ್ನೊಂದು ಕೂದಲು. ಸಾಯುತ್ತಿರುವ ಆ ಡಿಸ್ಕು ತನ್ನಲ್ಲಿದ್ದದ್ದನ್ನೆಲ್ಲ ಒಪ್ಪಿಸಿಯೇ ಹೋಗುತ್ತೇನೆ ಎಂದು ಹಟ ಹಿಡಿದಂತೆ ಮಧ್ಯಾಹ್ನವೆಲ್ಲ ಕೊಟ್ಟಿತು. ಸಾಯುವ ಮೊದಲು ಎಲ್ಲವನ್ನೂ ಒಪ್ಪಿಸಿ ಹೋದ ಮನುಷ್ಯರನ್ನು ನಾನು ನೋಡಿಲ್ಲ. ನಮ್ಮ ಮಾವ ಬೀರುವಿನ ಬೀಗದಕೈ ಎಲ್ಲಿದೆಯೆಂದು ಕೂಡ ಹೇಳದೆ ಹೋದರು.

ಸಂಜೆಗೆ ಹೊಸದನ್ನು ಒಳಗಿಟ್ಟು ಮುಚ್ಚಳ ಹಾಕಿ ಗುಂಡಿ ಒತ್ತಿದ. ಕಣ್ಣು ಮಿಟುಕಿಸುವಷ್ಟರಲ್ಲಿ ಎದ್ದು ಕೂತಿತು. ಪರದೆಯ ಮೇಲೆ ಅದೇ ಚಿತ್ರ, ಅದೇ ಮೂಲೆಯಲ್ಲಿ ಅದೇ ಕಸದ ಬುಟ್ಟಿ, ಸುಮಾ ಅರ್ಧಕ್ಕೆ ಬಿಟ್ಟಿದ್ದ ಅದೇ ನವಿಲು. ಗಿಳಿಯೂ ಇತ್ತು. ಸುಮಾ ಅದನ್ನು ನೋಡಿ ಬಿಕ್ಕಿದಳು. ಗಿಳಿ ಸಿಕ್ಕಿದ ಮೇಲೆ ಯಾಕೆ ಅಳುವುದು ಅಂತ ಬೈದೆ.

ನನಗೆ ಕ್ವಾರ್ಟರ್ಸು ಬದಲಾಯಿಸಿದ್ದು ನೆನಪಾಯಿತು. ಎಲ್ಲ ಮನೆಗಳೂ ಒಂದೇ ಅಚ್ಚು. ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಹೋದಾಗ ಅಕ್ಕಿ ಡಬ್ಬ ಇದ್ದ ಮೂಲೆಗೆ ಅಕ್ಕಿ ಡಬ್ಬ, ಮೊಳೆ ಇದ್ದಲ್ಲಿ ಮೊಳೆ. ಕತ್ತಲಲ್ಲೂ ನೀರಿನ ಚೊಂಬಿಗೆ ಕೈ ತಾನೇ ಹೋಗುತ್ತಿತ್ತು. ಯಜಮಾನರಿಗೆ ಮಾತ್ರ ಅದು ತೊಂದರೆಯಾಯಿತು. ಶಿಫ್ಟು ಮುಗಿಸಿ ಹಳೆಯ ಮನೆಗೇ ಹೋಗಿ, ಅಂಗಿ ಕಳಚಿ ಮೊಳೆಗೆ ಹಾಕಿ, ಊಟಕ್ಕೆ ಕೂತುಬಿಟ್ಟರು. ಅಲ್ಲಿಗೆ ಹೊಸದಾಗಿ ಬಂದಿದ್ದ ಹೆಂಗಸು ಯಾರೋ ಗಂಡನ ಕಡೆಯ ನೆಂಟರೆಂದು ಬಡಿಸಿಯೂ ಬಿಟ್ಟಳು. ಇಷ್ಟು ರುಚಿಯಾದ ಸಾರು ನಮ್ಮ ಮನೆಯದಲ್ಲವೆಂದು ಆಗ ಇವರಿಗೆ ಹೊಳೆಯಿತಂತೆ.

ಬಸ್ಸಿನಲ್ಲಿ ಇನ್ನೊಂದು ಯೋಚನೆ ಹತ್ತಿತು. ನನ್ನ ಕೊರಳಿನ ಬೆಳ್ಳಿ ಕರಡಿಗೆ ಸವೆದು ಹೋಗಿ ಹೊಸದು ಮಾಡಿಸಿದೆ. ಒಳಗಿನ ಲಿಂಗ ಅದೇ, ಆದ್ದರಿಂದ ಏನೂ ಬದಲಾಗಲಿಲ್ಲ ಅಂದೆವು. ಇಲ್ಲಿ ಡಬ್ಬಿ ಹಳೆಯದು, ಒಳಗಿನದೇ ಹೊಸದು. ಆದರೂ ಸುಮಾ ನನ್ನ ಲ್ಯಾಪ್‌ಟಾಪು ಅನ್ನುತ್ತಾಳೆ. ಹಾಗಾದರೆ ಯಾವುದು ಅದೇ? ಡಬ್ಬಿಯಲ್ಲ, ಡಿಸ್ಕೂ ಅಲ್ಲ, ಇದರಿಂದ ಅದಕ್ಕೆ ದಾಟಿದ್ದು. ಅದನ್ನು ಕೈಯಲ್ಲಿ ಹಿಡಿಯಲಾಗುವುದಿಲ್ಲ, ತೂಗಲಾಗುವುದಿಲ್ಲ. ಮಠದ ಸ್ವಾಮಿಗಳು ವರ್ಷಗಟ್ಟಲೆ ಹೇಳಿದ್ದು ತಲೆಗೆ ಹತ್ತಿರಲಿಲ್ಲ. ಸೆಲ್ವಂ ಸ್ಕ್ರೂಡ್ರೈವರ್ ಹಿಡಿದು ತೋರಿಸಿದ ಮೇಲೆ ಸ್ವಲ್ಪ ಹತ್ತಿತು, ಬಸ್ಸು ಶಿವಮೊಗ್ಗ ಮುಟ್ಟುವಷ್ಟರಲ್ಲಿ ಮತ್ತೆ ಇಳಿಯಿತು.

ಮಾರನೆಯ ದಿನ ಎರಡನೆಯ ತೋಳು. ಗಿಳಿ ಕಳೆದುಹೋಗಿ ಸಿಕ್ಕಿದ್ದರಿಂದ ನಮ್ಮಿಬ್ಬರಿಗೂ ಅದೇ ಗಿಳಿಯಾ ಎಂಬ ಒಂದೇ ಚಿಂತೆ. ಸೂಜಿ ಓಡುತ್ತಿರುವಾಗ ನಾನು ಮೊದಲನೆಯ ತೋಳನ್ನು ಪಕ್ಕದಲ್ಲಿ ಹಿಡಿದು ಒಂದೊಂದು ಎಳೆಗೂ ಬೆರಳಿಟ್ಟು ನೋಡಿದೆ. ಹೊಂಬಾಳೆ ಅದೇ. ಕಣ್ಣು ಅದೇ. ಮೊದಲನೆಯದರ ರೆಕ್ಕೆಯಲ್ಲಿ ಒಂದು ಹೊಲಿಗೆ ಸೊಟ್ಟಗಿತ್ತು, ಎರಡನೆಯದರಲ್ಲೂ ಅಲ್ಲೇ ಸೊಟ್ಟ. ಒಂದು ಗುಲಾಬಿಯ ಹಾಗೆ ಇನ್ನೊಂದು ಹಾಕಲಾಗದ ನನ್ನ ಮೈ ಜುಮ್ಮೆಂದಿತು. “ಅದೇ ಕಣೇ,” ಅಂದೆ. “ಅದೇ ಕಣಮ್ಮ,” ಅಂದಳು.

ಗಿರಿಜಮ್ಮ ಮಗಳು ಅನುಷಾಳನ್ನು ಕರೆದುಕೊಂಡು ಕುಂಸಿಯಿಂದ ಬಂದರು. ಹುಡುಗಿ ಬ್ಲೌಸು ಹಾಕಿಕೊಂಡು ಹೊರಗೆ ಬಂದು ನಿಂತಳು. ಗಿರಿಜಮ್ಮ ಬಲಗಡೆ ನೋಡಿದರು, ಎಡಗಡೆ ನೋಡಿದರು, ಮತ್ತೆ ಬಲಗಡೆ ನೋಡಿದರು.

“ಸುಮಾ, ಈ ಗಿಳಿ ಮುಂದೆ ನೋಡ್ತಿದೆ. ಆ ಗಿಳಿ ಯಾಕೆ ಬೆನ್ನ ಹಿಂದೆ ನೋಡ್ತಿದೆ?”

ಆಗ ನಮಗೂ ಕಂಡಿತು. ಒಂದು ತೋಳಿನ ಚಿತ್ರವನ್ನು ಇನ್ನೊಂದು ತೋಳಿಗೆ ಎಡಬಲ ತಿರುವಿ ಹಾಕಬೇಕು. ಅದಕ್ಕೆ ಲ್ಯಾಪ್‌ಟಾಪಿನಲ್ಲಿ ಒಂದು ಗುಂಡಿಯೇ ಇದೆ, ಸುಮಾ ಪ್ರತಿ ಸಲ ಒತ್ತುತ್ತಾಳೆ. ಈ ಸಲ ಅದೇ, ಅದೇ ಅನ್ನುವ ಭಯದಲ್ಲಿ ಒತ್ತಲಿಲ್ಲ. ಪಕ್ಕದಲ್ಲಿ ಬೆರಳಿಟ್ಟುಕೊಂಡು ಕೂತ ನಾನೂ ಅದೇ, ಅದೇ ಅಂದೆ. ಒಳಹೊರಗು ಮಾಡಿ ತೋಳು ಕೂಡಿಸುವಾಗಲೂ ಕಾಣಲಿಲ್ಲ.

“ತಪ್ಪಾಗಿದೆ,” ಅಂದೆ. “ಬಿಚ್ಚಿದರೆ ರೇಷ್ಮೆ ತೂತು ಬೀಳುತ್ತೆ. ಬೇರೆ ಬಟ್ಟೆ ಇಲ್ಲ. ಬೈಯೋದಿದ್ರೆ ನನಗೆ ಬೈಯಿ ಮಾರಾಯ್ತಿ, ಅವಳು ಒಂದು ವಾರದಿಂದ ನಿದ್ದೆ ಮಾಡಿಲ್ಲ.”

ಗಿರಿಜಮ್ಮ ಬೈಯಲು ಉಸಿರು ತೆಗೆದುಕೊಂಡರು. ಅಷ್ಟರಲ್ಲಿ ಅನುಷಾ ಕನ್ನಡಿಯ ಮುಂದೆ ಹೋಗಿ ಒಮ್ಮೆ ಈ ಭುಜ, ಒಮ್ಮೆ ಆ ಭುಜ ತಿರುಗಿಸಿ ನೋಡಿದಳು.

“ಇರ್ಲಿ ಬಿಡಮ್ಮ,” ಅಂದಳು. “ಒಂದು ನಾನು ಹೋಗೋ ದಾರಿ ನೋಡ್ಲಿ. ಇನ್ನೊಂದು ನೀನು ಹಿಂದೆ ನಿಂತು ಅಳ್ತೀಯೋ ಇಲ್ವೋ ನೋಡಿ ನನಗೆ ಹೇಳ್ಲಿ.”

ಗೋಡೆಯ ಮೇಲೆ ಲೊಚ್ ಅಂತ ಸದ್ದಾಯಿತು. ಸುಮಾ ಗಾಬರಿಯಿಂದ ಲ್ಯಾಪ್‌ಟಾಪಿನ ಕಡೆ ತಿರುಗಿದಳು. ಅದು ಸದ್ದಿಲ್ಲದೆ ಬೆಳಗುತ್ತ ಕೂತಿತ್ತು. ಈ ಸಲ ನಿಜವಾಗಿಯೂ ಹಲ್ಲಿ. ನಾನು ಬಗ್ಗಿ ನೆಲಕ್ಕೆ ಬೆರಳು ಕುಟ್ಟಿದೆ. ತಲೆ ಎತ್ತಿ ನೋಡಿದರೆ ಗಿರಿಜಮ್ಮ ಆಗಲೇ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಹಿಂದೆ ನೋಡುವ ಗಿಳಿ ಅವರನ್ನೇ ನೋಡುತ್ತಿತ್ತು.